ರೆಕ್ಕೆ ಎಳೆದುಕೊಂಡು ನಡೆದ ಕೊಂಬಿನ ಗೂಬೆ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ನಾವು ಆರು ಮಂದಿ ಸ್ನೇಹಿತರು ಹಳದಿ ಕೊರಳಿನ ಪಿಕಳಾರವನ್ನು ನೋಡುವ ಆಸೆಯಿಂದ ಕೊರಟಗೆರೆ ಕಡೆಯ ಒಂದು ಕಲ್ಲುಬೆಟ್ಟಕ್ಕೆ ಹೋಗಿದ್ದೆವು. ಬೆಳಿಗ್ಗೆ ಎಂಟರ ಸುಮಾರಿಗೆ ಕೊರಕಲೊಂದರ ಕಡೆಯಿಂದ ಪಿಕಳಾರ, ಕಾಜಾಣಗಳ ಗಲಾಟೆ ಕೇಳಿಸಿತು. ಮೇಕೆಗಳು ಓಡಾಡುವ ದಾರಿ ಹಿಡಿದು ಅಲ್ಲಿಗೆ ಹೋದರೆ, ಬಂಡೆಯ ಅಂಚಿನಿಂದ ಭಾರಿ ಗಾತ್ರದ ಗೂಬೆಯೊಂದು ಸದ್ದಿಲ್ಲದೆ ಎದ್ದು ಎದುರಿನ ಗುಂಡುಕಲ್ಲಿನ ಮೇಲೆ ಬಿಸಿಲಿನಲ್ಲೇ ಕುಳಿತಿತು. ತಲೆಯ ಮೇಲೆ ಎರಡು ಕೊಂಬು, ಕಿತ್ತಳೆ ಬಣ್ಣದ ಕಣ್ಣು. ನಾವು ಇನ್ನೂ ಮುಂದಕ್ಕೆ ಹೋದಾಗ ಅದು ನೆಲಕ್ಕಿಳಿದು, ಒಂದು ರೆಕ್ಕೆಯನ್ನು ಎಳೆದುಕೊಂಡು ತೆವಳತೊಡಗಿತು. ರೆಕ್ಕೆ ಮುರಿದಿದೆ, ಟವೆಲ್ ಹಾಕಿ ಹಿಡಿದು ಪಶುವೈದ್ಯರ ಬಳಿಗೆ ಒಯ್ಯೋಣವೆಂದು ನಮ್ಮಲ್ಲೊಬ್ಬರು ಹಿಂದೆ ಹೋದರು. ಹತ್ತು ಹೆಜ್ಜೆ ದೂರವಿರುವಾಗ ಅದು ಹಾರಿ, ಮತ್ತಷ್ಟು ದೂರ ಹೋಗಿ, ಮತ್ತೆ ಹಾಗೆಯೇ ಮಾಡಿತು. ಕೊನೆಗೆ ಕೈಚೆಲ್ಲಿ ವಾಪಸಾದೆವು. ಇದು ಮೀನು ಗೂಬೆಯೆಂದು ಇಬ್ಬರು ವಾದಿಸುತ್ತಿದ್ದಾರೆ. ಹಗಲಿನಲ್ಲಿ ಏಕೆ ಹೊರಗಿತ್ತು? ಗಾಯಗೊಂಡಿದ್ದರೆ ಮತ್ತೆ ಹೋಗಿ ಹುಡುಕಬೇಕೆ? ಬಂಡೆಯ ಕೆಳಗೆ ಸಿಕ್ಕ ಅದರ ಗರಿಯೊಂದು ನನ್ನಲ್ಲಿದೆ. ಅಪರೂಪದ ಹಕ್ಕಿಯಾದ್ದರಿಂದ ಮುಂದಿನ ವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಹುದೆ? ಸ್ನೇಹಿತರೊಬ್ಬರ ತಾಯಿಯವರು ಹಗಲಿನಲ್ಲಿ ಗೂಬೆಯ ಮುಖ ನೋಡಿದ್ದಕ್ಕೆ ಶಾಂತಿ ಮಾಡಿಸಬೇಕು ಎನ್ನುತ್ತಿದ್ದಾರೆ. ಇದಕ್ಕೇನು ಹೇಳುವುದು?

ಉತ್ತರ: ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು, ನೀವು ಬರೆದಿರುವ ವಿವರಗಳ ಪ್ರಕಾರ ಆ ಗೂಬೆಯ ರೆಕ್ಕೆಗೆ ಏನೂ ಆಗಿಲ್ಲ. ಅದು ತನ್ನ ಮೊಟ್ಟೆಗಳಿಂದಲೋ ಮರಿಗಳಿಂದಲೋ ನಿಮ್ಮನ್ನು ದೂರ ಕರೆದೊಯ್ಯುತ್ತಿತ್ತು. ಹುಡುಕಲು ಮತ್ತೆ ಹೋಗಬೇಡಿ, ಮಕ್ಕಳನ್ನೂ ಅಲ್ಲಿಗೆ ಕರೆದೊಯ್ಯಬೇಡಿ. ನಿಮ್ಮ ಪತ್ರದಲ್ಲಿದ್ದ ಬೆಟ್ಟದ ಹೆಸರನ್ನೂ ಹತ್ತಿರದ ಊರಿನ ಹೆಸರನ್ನೂ ಇದೇ ಕಾರಣಕ್ಕೆ ಇಲ್ಲಿ ತೆಗೆದುಹಾಕಿದ್ದೇನೆ.

ನೀವು ಕಂಡದ್ದು ಕೊಂಬಿನ ಗೂಬೆ. ವೈಜ್ಞಾನಿಕ ಹೆಸರು ಬ್ಯೂಬೋ ಬೆಂಗಾಲೆನ್ಸಿಸ್. ಮೀನು ಗೂಬೆಯೂ ಹೆಚ್ಚುಕಡಿಮೆ ಇಷ್ಟೇ ದೊಡ್ಡದು, ಅದಕ್ಕೂ ತಲೆಯ ಮೇಲೆ ಕೊಂಬಿನಂತಹ ಗರಿಗುಚ್ಛಗಳಿವೆ, ಆದ್ದರಿಂದ ನಿಮ್ಮ ಸ್ನೇಹಿತರ ವಾದ ಪೂರ್ತಿ ನಿರಾಧಾರವೇನಲ್ಲ. ಆದರೆ ನಾಲ್ಕು ಸಂಗತಿಗಳು ಅವರಿಗೆ ಎದುರಾಗಿ ನಿಲ್ಲುತ್ತವೆ. ಮೀನು ಗೂಬೆಯ ಕಣ್ಣು ಹಳದಿ. ನೀವು ಕಂಡ ಕಣ್ಣು ಕಿತ್ತಳೆ. ಮೀನು ಗೂಬೆಯ ಗರಿಗುಚ್ಛಗಳು ಅಕ್ಕಪಕ್ಕಕ್ಕೆ ಬಾಗಿ ಕೆದರಿದಂತಿರುತ್ತವೆ; ಕೊಂಬಿನ ಗೂಬೆಯವು ನೆಟ್ಟಗೆ ಮೇಲಕ್ಕೆ ನಿಲ್ಲುತ್ತವೆ. ನೀವು ಕಳುಹಿಸಿದ ಚಿತ್ರದಲ್ಲಿ ಮುಖದ ಬಿಳಿಚು ಭಾಗದ ಸುತ್ತ ಕಪ್ಪು ಅಂಚು ಸ್ಪಷ್ಟವಾಗಿ ಕಾಣುತ್ತದೆ, ಕಾಲುಗಳು ಬೆರಳಿನವರೆಗೂ ಗರಿಯಿಂದ ಮುಚ್ಚಿವೆ. ಮೀನು ಗೂಬೆಯ ಮುಖದಲ್ಲಿ ಅಂತಹ ಅಂಚಿಲ್ಲ, ಕಾಲು ಬೋಳು. ನೀರಿಗೆ ಕಾಲಿಟ್ಟು ಮೀನು, ಏಡಿ ಹಿಡಿಯುವ ಹಕ್ಕಿಗೆ ಕಾಲಿನ ಗರಿ ಅನುಕೂಲಕ್ಕಿಂತ ತೊಂದರೆಯೇ ಹೆಚ್ಚು. ಮೇಲಾಗಿ ಮೀನು ಗೂಬೆ ಹೊಳೆಯ ದಂಡೆಯ, ಕೆರೆಯಂಚಿನ ದೊಡ್ಡ ಮರಗಳನ್ನು ಬಿಟ್ಟು ಒಣ ಕಲ್ಲುಬೆಟ್ಟದ ನೆತ್ತಿಗೆ ಬಂದು ಕೂರುವ ಹಕ್ಕಿಯಲ್ಲ. ಇವೆರಡನ್ನೂ ಬಿಟ್ಟರೆ ಹೊಂದುವ ಇನ್ನೊಂದು ದೊಡ್ಡ ಗೂಬೆ ಬೂದು ಬಣ್ಣದ್ದು. ಅದರ ಕಣ್ಣೂ ಹಳದಿ, ಅದರ ವಾಸವೂ ನೀರಿನ ಹತ್ತಿರದ ದಟ್ಟ ಮರಗಳಲ್ಲಿ, ಆದ್ದರಿಂದ ಅದನ್ನೂ ಪಕ್ಕಕ್ಕಿಡಬಹುದು. ಕೊಂಬು ಎನ್ನುತ್ತೇವಾದರೂ ಅವು ಕೊಂಬೂ ಅಲ್ಲ, ಕಿವಿಯೂ ಅಲ್ಲ, ಬರಿಯ ಗರಿ. ಕಿವಿಯ ರಂಧ್ರಗಳು ಮುಖದ ಎರಡು ಪಕ್ಕದಲ್ಲಿ ಗರಿಗಳ ಅಡಿಯಲ್ಲಿ ಅಡಗಿರುತ್ತವೆ.

ಗರಿಯ ವಿಷಯಕ್ಕೆ ಬರೋಣ. ಗೇಣಿಗಿಂತ ಉದ್ದವಿರುವ, ಕಂದು ಬಣ್ಣದ ಮೇಲೆ ಗಾಢ ಪಟ್ಟೆಗಳಿರುವ ಆ ಗರಿಯ ಒಂದು ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಸಣ್ಣ ಎಳೆಗಳಿವೆ ಎಂದು ಬರೆದಿದ್ದೀರಿ. ಅಷ್ಟು ಹತ್ತಿರದಿಂದ ನೋಡಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಇದು ರೆಕ್ಕೆಯ ತೀರಾ ಹೊರಗಿನ ಗರಿಯೆಂದೂ, ಸದ್ದಿಲ್ಲದೆ ಹಾರುವ ಗೂಬೆಯದೆಂದೂ ಆ ಹಲ್ಲುಗಳೇ ಹೇಳುತ್ತವೆ. ರೆಕ್ಕೆ ಗಾಳಿಯನ್ನು ಸೀಳುವಾಗ ಮುಂಭಾಗದ ಈ ಹಲ್ಲುಗಳು ಗಾಳಿಯ ಹರಿವನ್ನು ಸಣ್ಣ ಸಣ್ಣ ಎಳೆಗಳಾಗಿ ಒಡೆಯುತ್ತವೆ, ಗರಿಯ ಮೇಲ್ಮೈಯ ಮಖಮಲ್ಲಿನಂತಹ ಹೊದಿಕೆ ಗರಿಗೆ ಗರಿ ಉಜ್ಜುವ ಸದ್ದನ್ನು ನುಂಗುತ್ತದೆ, ಹಿಂದಿನ ಅಂಚಿನ ಕುಚ್ಚು ಉಳಿದ ಸದ್ದನ್ನೂ ತಗ್ಗಿಸುತ್ತದೆ. ಹುಲ್ಲಿನೊಳಗೆ ಇಲಿ ಓಡಾಡುವ ಸರಬರ ಸದ್ದನ್ನು ಕೇಳಿಸಿಕೊಂಡೇ ಬೇಟೆಯಾಡುವ ಹಕ್ಕಿಗೆ ತನ್ನ ರೆಕ್ಕೆಯ ಸದ್ದೇ ಅಡ್ಡಿಯಾಗಬಾರದಲ್ಲವೆ. ನೀರಿನೊಳಗಿನ ಮೀನಿಗೆ ಗಾಳಿಯಲ್ಲಿನ ಸದ್ದು ಅಷ್ಟಾಗಿ ತಲುಪದು, ಹಾಗಾಗಿ ಮೀನು ಗೂಬೆಯಲ್ಲಿ ಈ ಏರ್ಪಾಡು ಬೆಳೆದೇ ಇಲ್ಲ ಎನ್ನುವಷ್ಟು ಕಡಿಮೆ; ಅದು ಹತ್ತಿರದಲ್ಲಿ ಹಾರಿದರೆ ರೆಕ್ಕೆಯ ಸದ್ದು ಕೇಳಿಸುತ್ತದೆ. ನಿಮ್ಮ ಸ್ನೇಹಿತರಿಗೆ ಈ ಗರಿಗಿಂತ ಬೇರೆ ಪುರಾವೆ ಬೇಕಾಗಿಲ್ಲ. ಆದರೆ ಆ ಗರಿಯನ್ನು ಶಾಲೆಯ ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳಲು ಕಾನೂನು ಅವಕಾಶ ಕೊಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಂರಕ್ಷಿತ ಪ್ರಾಣಿಯ ಉಗುರು, ಮೂಳೆ, ಗರಿಗಳನ್ನೂ ಪ್ರಾಣಿಯ ಭಾಗವೆಂದೇ ಎಣಿಸುತ್ತದೆ. ನವಿಲು ತಾನಾಗಿ ಉದುರಿಸಿದ ಬಾಲದ ಗರಿಗೆ ಇರುವ ವಿನಾಯಿತಿ ಗೂಬೆಯ ಗರಿಗಿಲ್ಲ. ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಒಳ್ಳೆಯ ಚಿತ್ರಗಳನ್ನು ತೆಗೆದುಕೊಂಡು, ಬೆಟ್ಟದ ಬುಡದಲ್ಲೇ ಎಲ್ಲಾದರೂ ಬಿಟ್ಟುಬಿಡಿ. ಪಾಠಕ್ಕೆ ಚಿತ್ರ ಸಾಕು.

ಅಪರೂಪದ ಹಕ್ಕಿ ಎಂದಿದ್ದೀರಿ. ನೀವು ಹುಡುಕಿಕೊಂಡು ಹೋಗಿದ್ದ ಹಳದಿ ಕೊರಳಿನ ಪಿಕಳಾರ ನಿಜಕ್ಕೂ ಅಪಾಯದಲ್ಲಿರುವ ಹಕ್ಕಿ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದಿಲ್ಲ. ದೇವರಾಯನದುರ್ಗದಲ್ಲೂ ನಂದಿಬೆಟ್ಟದಲ್ಲೂ ಅದನ್ನು ನೋಡಲೆಂದೇ ದೂರದೂರದಿಂದ ಜನ ಬರುತ್ತಾರೆ. ಕೊಂಬಿನ ಗೂಬೆ ಹಾಗಲ್ಲ. ಹಿಮಾಲಯದ ಕೆಳಬೆಟ್ಟಗಳಿಂದ ಕನ್ಯಾಕುಮಾರಿಯವರೆಗೆ, ಬಂಡೆ, ಕೊರಕಲು, ಕುರುಚಲು ಕಾಡು, ಅದರ ಪಕ್ಕದಲ್ಲಿ ಹೊಲ ಇರುವಲ್ಲೆಲ್ಲ ಇದು ವಾಸಿಸುತ್ತದೆ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಸಿಕೊಳ್ಳುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಶಿಲೆಯ ಪಟ್ಟಿ ಮಧುಗಿರಿ, ಪಾವಗಡದ ಕಡೆಗೂ ಹಾದುಹೋಗುತ್ತದೆ; ಬಿಸಿಲು ಮಳೆಗೆ ಪದರ ಪದರವಾಗಿ ಕಳಚಿ, ಗುಂಡುಗಳಾಗಿ ಒಡೆದು, ಒಂದರ ಮೇಲೊಂದು ನಿಂತ ಆ ಕಲ್ಲುಗಳ ಸಂದುಗೊಂದುಗಳು ಈ ಗೂಬೆಗೆ ಹೇಳಿಮಾಡಿಸಿದ ಜಾಗ. ನಿಮ್ಮ ಬೆಟ್ಟದಲ್ಲಿ ಅದಿರುವುದು ಸಹಜ. ಕಣ್ಣಿಗೆ ಬೀಳುವುದು ಮಾತ್ರ ಕಡಿಮೆ, ಏಕೆಂದರೆ ಕಲ್ಲಿನ ಮೇಲಿನ ಕಂದು, ಕಪ್ಪು ಕಲೆಗಳಿಗೆ ಅದರ ಮೈಬಣ್ಣ ಹಾಗೆಯೇ ಹೊಂದಿಕೊಳ್ಳುತ್ತದೆ, ಮತ್ತು ಮನುಷ್ಯರು ಹತ್ತಿರ ಬಂದರೂ ಕಣ್ಣನ್ನು ಗೀರಿನಷ್ಟೇ ತೆರೆದು ಅದು ಅಲುಗಾಡದೆ ಕುಳಿತಿರುತ್ತದೆ. ದನ ಕುರಿ ಮೇಯಿಸುವವರನ್ನು ಕೇಳಿದರೆ, ಮುಸ್ಸಂಜೆಯಲ್ಲಿ ಬಂಡೆಯ ಮೇಲೆ ಅದನ್ನು ಎಷ್ಟೋ ಬಾರಿ ನೋಡಿದ್ದೇವೆಂದು ಹೇಳುತ್ತಾರೆ.

ಗೂಬೆಗೆ ಹಗಲಿನಲ್ಲಿ ಕಣ್ಣು ಕಾಣುವುದಿಲ್ಲವೆಂಬುದು ಜನರ ನಡುವೆ ಗಟ್ಟಿಯಾಗಿ ಬೇರೂರಿರುವ ತಪ್ಪು ತಿಳಿವಳಿಕೆ. ಕಣ್ಣಿನ ಪಾಪೆಯನ್ನು ಅದು ಬಹಳ ಚಿಕ್ಕದಾಗಿಸಿಕೊಳ್ಳಬಲ್ಲದು, ಹಗಲಿನಲ್ಲೂ ಚೆನ್ನಾಗಿಯೇ ನೋಡಬಲ್ಲದು. ಕಣ್ಣುಗುಡ್ಡೆಗಳು ನಮ್ಮವುಗಳಂತೆ ಗುಂಡಗಿರದೆ ಕೊಳವೆಯಂತೆ ಉದ್ದವಾಗಿದ್ದು, ಮೂಳೆಯ ಉಂಗುರದಲ್ಲಿ ಬಿಗಿಯಾಗಿ ಕುಳಿತಿರುವುದರಿಂದ ಅತ್ತಿತ್ತ ತಿರುಗುವುದಿಲ್ಲ. ಅದಕ್ಕಾಗಿಯೇ ಅದು ತಲೆಯನ್ನೇ ತಿರುಗಿಸುತ್ತದೆ. ಕುತ್ತಿಗೆಯಲ್ಲಿ 14 ಮೂಳೆಗಳಿದ್ದು ಸುಮಾರು 270 ಡಿಗ್ರಿಯವರೆಗೆ ತಿರುಗಬಲ್ಲದು. ನಮ್ಮ ಕುತ್ತಿಗೆಯಲ್ಲಿರುವುದು ಏಳೇ ಮೂಳೆ. ಅದರಲ್ಲೂ ಕೊಂಬಿನ ಗೂಬೆ ಪೂರ್ತಿ ನಿಶಾಚರಿಯೂ ಅಲ್ಲ. ಸೂರ್ಯ ಮುಳುಗುವುದಕ್ಕೆ ಸಾಕಷ್ಟು ಮೊದಲೇ ಎತ್ತರದ ಬಂಡೆಗೆ ಬಂದು ಕೂರುತ್ತದೆ, ಬೆಳಿಗ್ಗೆ ಹೊತ್ತೇರಿದ ಮೇಲೂ ಒಮ್ಮೊಮ್ಮೆ ಹೊರಗಿರುತ್ತದೆ.

ಹೀಗಿದ್ದರೂ ಎಂಟು ಗಂಟೆಯ ಬಿಸಿಲಿನಲ್ಲಿ ಬಯಲು ಬಂಡೆಯ ಮೇಲೆ ಕುಳಿತು ಆರು ಜನರನ್ನು ದಿಟ್ಟಿಸುವುದು ಅದರ ದಿನಚರಿಯಲ್ಲ. ಅಲ್ಲಿ ನಡೆದದ್ದೇನೆಂಬುದನ್ನು ನಿಮ್ಮ ಪತ್ರದಿಂದಲೇ ಹೆಣೆದು ನೋಡೋಣ. ಹಗಲಿನಲ್ಲಿ ಗೂಬೆ ಕಣ್ಣಿಗೆ ಬಿದ್ದರೆ ಸಣ್ಣ ಹಕ್ಕಿಗಳು ಸುಮ್ಮನಿರುವುದಿಲ್ಲ. ಪಿಕಳಾರ, ಕಾಜಾಣ, ಕಾಗೆ, ಜೊತೆಗೆ ಅಳಿಲು ಕೂಡ ಸುತ್ತುಗಟ್ಟಿ ಕಿರುಚಿ ಅದನ್ನು ಎಬ್ಬಿಸಿ ಓಡಿಸಲು ನೋಡುತ್ತವೆ. ನೀವು ಕೇಳಿದ ಗಲಾಟೆ ಅದು. ಹಕ್ಕಿ ನೋಡುವವರು ಗಲಾಟೆಯ ದಾರಿ ಹಿಡಿಯುವುದು ರೂಢಿ. ಹಾವು, ಮುಂಗುಸಿ, ಗೂಬೆ ಏನಾದರೂ ಸಿಗುತ್ತದೆಂಬ ಲೆಕ್ಕಾಚಾರ ತಪ್ಪಲ್ಲ, ಆದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಲ್ಲುಬೆಟ್ಟದಲ್ಲಿ ಈ ರೂಢಿ ನೇರವಾಗಿ ಗೂಡಿನ ಬಾಯಿಗೇ ಕೊಂಡೊಯ್ಯಬಹುದು. ಕೊಂಬಿನ ಗೂಬೆ ಮೊಟ್ಟೆಯಿಟ್ಟು ಮರಿ ಮಾಡುವುದು ಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಸಂಕ್ರಾಂತಿಯ ವೇಳೆಗೆ ನಮ್ಮ ಕಡೆ ಅದು ಭರದಿಂದ ನಡೆದಿರುತ್ತದೆ. ಹೆಣ್ಣು ಮೊಟ್ಟೆಯ ಮೇಲೆ ಕೂತಿದ್ದರೆ ಗಂಡು ಅಲ್ಲೇ ಹತ್ತಿರದಲ್ಲಿ ಎಲ್ಲೋ ಕಾವಲಿರುತ್ತದೆ.

ಗೂಡು ಎಂಬ ಮಾತನ್ನೂ ಸ್ವಲ್ಪ ಸಡಿಲವಾಗಿ ತೆಗೆದುಕೊಳ್ಳಬೇಕು. ಕಡ್ಡಿಯಿಲ್ಲ, ಹುಲ್ಲಿಲ್ಲ. ಬಂಡೆಯ ಚಾಚಿನ ಕೆಳಗೋ, ಕೊರಕಲಿನ ಗೋಡೆಯಲ್ಲೋ, ಇಳಿಜಾರಿನ ಕುರುಚಲು ಗಿಡದ ಬುಡದಲ್ಲೋ ಮಣ್ಣನ್ನು ಕೊಂಚ ಕೆದಕಿ ಅಲ್ಲೇ ಎರಡರಿಂದ ನಾಲ್ಕು ಕೆನೆಬಿಳುಪಿನ ಮೊಟ್ಟೆಗಳನ್ನಿಡುತ್ತದೆ. ಕಾವು ಒಂದು ತಿಂಗಳಿಗೂ ತುಸು ಹೆಚ್ಚು. ಒಮ್ಮೆ ಒಗ್ಗಿದ ಜಾಗಕ್ಕೆ ವರ್ಷವರ್ಷವೂ ಮರಳಿ ಬರುತ್ತದೆ. ಹೀಗೆ ನೆಲದಲ್ಲೇ ಇರುವ ಮೊಟ್ಟೆ ಮರಿಗಳಿಗೆ ಮುಂಗುಸಿ, ಉಡ, ಕಾಗೆ, ನಾಯಿ ಎಲ್ಲವೂ ಅಪಾಯವೇ ಆದ್ದರಿಂದ, ತಾಯಿತಂದೆಗಳಿಗೆ ಉಳಿದಿರುವ ಉಪಾಯ ಒಂದೇ: ಬಂದವರ ಕಣ್ಣನ್ನು ತಮ್ಮ ಮೇಲೆ ಎಳೆದುಕೊಳ್ಳುವುದು. ಮೊದಲು ಎದ್ದುಕಾಣುವ ಗುಂಡಿನ ಮೇಲೆ ಕುಳಿತು ಮೈ ಉಬ್ಬಿಸಿ, ಕೊಕ್ಕನ್ನು ಕಟಕಟ ಬಡಿದು ಹೆದರಿಸಿ ನೋಡುತ್ತದೆ. ಅದಕ್ಕೂ ಜಗ್ಗದಿದ್ದರೆ ನೆಲಕ್ಕಿಳಿದು ರೆಕ್ಕೆ ಮುರಿದವರಂತೆ ಎಳೆದುಕೊಂಡು ಹೋಗುತ್ತದೆ, ಅಥವಾ ಅಂಕುಡೊಂಕಾಗಿ ಹಾರಿ ಬಿದ್ದಂತೆ ಮಾಡುತ್ತದೆ. ಸುಲಭವಾಗಿ ಸಿಗುವ ಬೇಟೆ ಎಂದುಕೊಂಡು ನರಿಯೋ ನಾಯಿಯೋ ಹಿಂದೆ ಬಿದ್ದಾಗ, ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಎದ್ದು ಹಾರುತ್ತದೆ. ನಿಮ್ಮ ಸ್ನೇಹಿತರು ಟವೆಲ್ ಹಿಡಿದು ಹೋದದ್ದು ಅದರ ದೃಷ್ಟಿಯಲ್ಲಿ ಉಪಾಯ ಫಲಿಸಿದಂತೆ. ಅದು ಪ್ರತಿ ಸಲವೂ ಯಾವ ಕಡೆಗೆ ಹಾರಿತೆಂದು ನೆನಪಿಸಿಕೊಳ್ಳಿ. ಮೊದಲು ಎದ್ದ ಬಂಡೆಯಂಚಿನಿಂದ ದೂರ ದೂರಕ್ಕೇ ಹಾರಿರುತ್ತದೆ. ಕೆರೆಯಂಗಳದಲ್ಲಿ ಟಿಟ್ಟಿಭವೂ ಇದೇ ಬಗೆಯ ನಾಟಕ ಆಡುವುದನ್ನು ನೀವು ನೋಡಿರಬಹುದು. ಗಾತ್ರದಲ್ಲಿ ಇಷ್ಟು ದೊಡ್ಡದಾದ, ಎರಡು ಕಿಲೋ ಹತ್ತಿರಕ್ಕೆ ತೂಗಬಲ್ಲ ಬೇಟೆಗಾರ ಹಕ್ಕಿ ಹೀಗೆ ಮಾಡುತ್ತದೆಂದು ನಾವು ನಿರೀಕ್ಷಿಸುವುದಿಲ್ಲ, ಅಷ್ಟೆ.

ಆ ಹೊತ್ತಿನಲ್ಲಿ ನಿಂತು ನೋಡುವುದರಿಂದ ಆಗುವ ನಷ್ಟ ನಮಗೆ ಕಾಣುವುದಿಲ್ಲ. ದೊಡ್ಡ ಹಕ್ಕಿ ನಮ್ಮ ಮುಂದೆ ಆಟವಾಡುತ್ತಿರುವಷ್ಟು ಹೊತ್ತೂ ಬರಿನೆಲದ ಮೇಲಿನ ಮೊಟ್ಟೆಗಳಿಗೆ ಬಿಸಿಲು ಬಡಿಯುತ್ತಿರುತ್ತದೆ, ಜನವರಿಯ ಬಿಸಿಲಾದರೂ ಕಲ್ಲು ಬೇಗ ಕಾಯುತ್ತದೆ. ಗಲಾಟೆ ಕೇಳಿ ಬಂದ ಕಾಗೆಗಳು ಹತ್ತಿರದಲ್ಲೇ ಇರುತ್ತವೆ. ನಮ್ಮ ಕಾಲಡಿಯೇ ಮೊಟ್ಟೆಯಿರುವ ಸಾಧ್ಯತೆಯೂ ಉಂಟು. ಆದ್ದರಿಂದ ಕೊಂಬಿನ ಗೂಬೆ ಹಗಲಿನಲ್ಲಿ ಎದ್ದು ಎದುರಿಗೇ ಕುಳಿತು ದಿಟ್ಟಿಸಿದರೆ, ಕ್ಯಾಮೆರಾ ತೆಗೆಯುವ ಮೊದಲು ಬಂದ ದಾರಿಯಲ್ಲೇ, ಹೆಜ್ಜೆ ಇಟ್ಟಲ್ಲೇ ಹೆಜ್ಜೆಯಿಟ್ಟು ಹಿಂದಿರುಗಬೇಕೆಂದು ನನ್ನೊಂದಿಗೆ ಬರುವವರಿಗೆಲ್ಲ ಹೇಳುತ್ತೇನೆ. ಸುತ್ತಿ ಬಳಸಿ ಬೇರೆ ದಾರಿ ಹುಡುಕಲು ಹೋದರೆ ಮರಿಗಳನ್ನು ತುಳಿಯುವ ಅಪಾಯವಿದೆ.

ನಿಜವಾಗಿ ಗಾಯಗೊಂಡ ಗೂಬೆಯನ್ನು ಗುರುತಿಸುವುದು ಹೇಗೆಂದು ಶಿಕ್ಷಕರಾದ ನೀವು ತಿಳಿದಿರುವುದು ಒಳ್ಳೆಯದು. ನಾಟಕವಾಡುವ ಹಕ್ಕಿ ಬೆನ್ನಟ್ಟಿದರೆ ಹಾರುತ್ತದೆ; ಒಮ್ಮೆ ಎಡರೆಕ್ಕೆ ಎಳೆದರೆ ಮತ್ತೊಮ್ಮೆ ಬಲರೆಕ್ಕೆ, ಕೆಲವೊಮ್ಮೆ ಎರಡೂ. ಗಾಯಗೊಂಡ ಹಕ್ಕಿಯಲ್ಲಿ ಜೋತುಬೀಳುವುದು ಯಾವಾಗಲೂ ಒಂದೇ ರೆಕ್ಕೆ. ಅದು ಬೇಲಿಯಂಚಿನಲ್ಲೋ ರಸ್ತೆಬದಿಯಲ್ಲೋ ನೆಲದ ಮೇಲೇ ಇರುತ್ತದೆ, ಕಣ್ಣು ಅರೆಮುಚ್ಚಿರುತ್ತದೆ, ಕಾಗೆಗಳು ಕುಕ್ಕುತ್ತಿದ್ದರೂ ಏಳುವುದಿಲ್ಲ, ಗಾಯದ ಮೇಲೆ ನೊಣ ಇರುವೆ ಮುತ್ತಿರುತ್ತವೆ. ಮುಳ್ಳುತಂತಿಗೆ ಸಿಕ್ಕಿದ, ಗಾಳಿಪಟದ ಮಾಂಜಾ ದಾರ ಸುತ್ತಿಕೊಂಡ, ರಾತ್ರಿ ವಾಹನಕ್ಕೆ ಬಡಿದ ಗೂಬೆಗಳು ಹೀಗೆ ಸಿಗುತ್ತವೆ. ಅಂತಹ ಹಕ್ಕಿಯ ಮೇಲೆ ದಪ್ಪ ಬಟ್ಟೆ ಹಾಕಿ, ಕೊಕ್ಕಿಗಿಂತ ಹೆಚ್ಚಾಗಿ ಉಗುರಿನ ಬಗ್ಗೆ ಎಚ್ಚರವಹಿಸಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆಯ ಸದ್ದಿಲ್ಲದ ಜಾಗದಲ್ಲಿರಿಸಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಬಾಯಿಗೆ ನೀರು ಹನಿಸುವುದು, ಹಾಲು ಕುಡಿಸುವುದು, ಅನ್ನ ತಿನ್ನಿಸುವುದು ಯಾವುದೂ ಬೇಡ. ನೀರು ಶ್ವಾಸನಾಳಕ್ಕೆ ಹೋಗಿ ಸತ್ತ ಹಕ್ಕಿಗಳಿವೆ.

ಇದಕ್ಕೆ ಸೇರಿದ ಇನ್ನೊಂದು ಮಾತು. ಕೊಂಬಿನ ಗೂಬೆಯ ಮರಿಗಳು ಹಾರಲು ಕಲಿಯುವುದಕ್ಕೆ ಬಹಳ ಮೊದಲೇ ಹುಟ್ಟಿದ ಜಾಗವನ್ನು ಬಿಟ್ಟು ಕಾಲ್ನಡಿಗೆಯಲ್ಲೇ ಅಕ್ಕಪಕ್ಕದ ಪೊದೆ, ಸಂದುಗಳಿಗೆ ಸರಿದುಕೊಳ್ಳುತ್ತವೆ. ಮಾರ್ಚ್ ತಿಂಗಳಿನಲ್ಲಿ ತುಪ್ಪಳದಂತಹ ಮೈಯ, ದೊಡ್ಡ ಕಣ್ಣಿನ ಮರಿಯೊಂದು ಬೆಟ್ಟದ ಬುಡದಲ್ಲಿ ಒಂಟಿಯಾಗಿ ಕುಳಿತಿದ್ದರೆ ಅದು ತಬ್ಬಲಿಯೆಂದು ಮನೆಗೆ ತರುವವರಿದ್ದಾರೆ. ಅದರ ತಾಯಿತಂದೆ ಅಲ್ಲೇ ಎಲ್ಲೋ ಇದ್ದು, ಕತ್ತಲಾದ ಮೇಲೆ ಬಂದು ಉಣಿಸುತ್ತವೆ. ಮರಿ ಸುಮಾರು ಆರು ತಿಂಗಳವರೆಗೂ ಅವುಗಳ ಆಸರೆಯಲ್ಲಿರುತ್ತದೆ, ಬೇಟೆ ಕಲಿಯುವುದು ಆ ಅವಧಿಯಲ್ಲೇ. ಪೆಟ್ಟಿಗೆಯಲ್ಲಿ ಬೆಳೆದ ಮರಿಗೆ ಅದನ್ನು ಕಲಿಸುವವರಿಲ್ಲ.

ಶಾಂತಿಯ ಬಗ್ಗೆ ಕೇಳಿದ್ದೀರಿ. ಹಿರಿಯರ ಮನಸ್ಸು ನೋಯಿಸುವ ಅಗತ್ಯವಿಲ್ಲ, ಅವರ ಸಮಾಧಾನಕ್ಕೆ ದೇವಸ್ಥಾನಕ್ಕೆ ಹೋಗಿಬರುವುದರಿಂದ ಹಕ್ಕಿಗಂತೂ ನಷ್ಟವಿಲ್ಲ. ಗೂಬೆಯಿಂದ ಊರಿಗೆ ಆಗುವುದೇನೆಂದು ತಿಳಿಯಬೇಕಾದರೆ ಅದು ಉಗುಳಿದ ಉಂಡೆಯನ್ನು ಒಡೆದು ನೋಡಬೇಕು. ನುಂಗಿದ ಬೇಟೆಯ ಮೂಳೆ, ಕೂದಲುಗಳನ್ನು ಜೀರ್ಣಿಸಿಕೊಳ್ಳಲಾಗದೆ ಗೂಬೆ ಅವನ್ನು ಒತ್ತಿ ಉಂಡೆಮಾಡಿ ಬಾಯಿಂದ ಹೊರಹಾಕುತ್ತದೆ. ದಿನವೂ ಕೂರುವ ಬಂಡೆಯ ಕೆಳಗೆ, ಸುಣ್ಣ ಚೆಲ್ಲಿದಂತಹ ಹಿಕ್ಕೆಯ ಗುರುತಿನ ಪಕ್ಕದಲ್ಲಿ ಇವು ಬಿದ್ದಿರುತ್ತವೆ. ಒಣಗಿದ ಉಂಡೆ ಬೂದುಬಣ್ಣದ್ದು, ಹಗುರ, ವಾಸನೆಯಿಲ್ಲ. ನೀರಿನಲ್ಲಿ ನೆನೆಸಿ ಚಿಮುಟದಿಂದ ಬಿಡಿಸಿದರೆ ಮೊದಲು ಕೂದಲು, ಆಮೇಲೆ ತೆಳ್ಳನೆಯ ಪಕ್ಕೆಲುಬುಗಳು, ಕೊನೆಗೆ ಕಿತ್ತಳೆ ಬಣ್ಣದ ಉದ್ದನೆಯ ಬಾಚಿಹಲ್ಲುಗಳ ಸಮೇತ ಬಿಲದಿಲಿಯ ಅಥವಾ ಹೆಗ್ಗಣದ ತಲೆಬುರುಡೆ ಹೊರಬರುತ್ತದೆ. ನಡುನಡುವೆ ಜೀರುಂಡೆಯ ರೆಕ್ಕೆಗವಚ, ಏಡಿಯ ಚಿಪ್ಪಿನ ಚೂರು, ಬೆಳವಕ್ಕಿಯ ಮೂಳೆಯೂ ಸಿಗುವುದುಂಟು. ಮೊಲ, ಗೌಜಲಹಕ್ಕಿಗಳನ್ನೂ ಇದು ಬಿಡುವುದಿಲ್ಲವಾದರೂ, ಹೊಲಗಳಿರುವ ಪ್ರದೇಶದಲ್ಲಿ ಇದರ ಊಟದ ದೊಡ್ಡ ಪಾಲು ಇಲಿ ಹೆಗ್ಗಣಗಳೇ. ಕಡಲೆಕಾಯಿ, ರಾಗಿ ಬೆಳೆಯುವ ಮಧುಗಿರಿ, ಪಾವಗಡ, ಶಿರಾದ ರೈತರಿಗೆ ಇದಕ್ಕಿಂತ ಒಳ್ಳೆಯ ರಾತ್ರಿ ಕಾವಲುಗಾರರು ಸಿಗುವುದಿಲ್ಲ. ಹೀಗಿರುವಾಗ ಬ್ರೋಮಾಡಯೋಲೋನ್‌ನಂತಹ, ಕೂಡಲೇ ಕೊಲ್ಲದೆ ನಿಧಾನವಾಗಿ ಕೆಲಸಮಾಡುವ ಇಲಿಪಾಷಾಣ ತಿಂದು ತೂರಾಡುವ ಇಲಿಯನ್ನು ಗೂಬೆ ಹಿಡಿದು ತಿಂದರೆ ವಿಷ ಅದರ ಮೈಗೂ ಸೇರುತ್ತದೆ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳ ಮನೆಗಳಿಗೆ ತಲುಪಿಸಿದರೆ ದೊಡ್ಡ ಉಪಕಾರ.

ಅಪಶಕುನದ ನಂಬಿಕೆಗಿಂತ ನನ್ನನ್ನು ಚಿಂತೆಗೆ ಹಚ್ಚುವುದು ಅದರ ಇನ್ನೊಂದು ಮುಖ. ಗೂಬೆಗೆ ಮಾಟಮಂತ್ರದ ಶಕ್ತಿಯಿದೆಯೆಂದು ನಂಬಿಸಿ, ಅದರ ಉಗುರು, ಗರಿ, ಮೂಳೆಗಳಿಗೂ ಜೀವಂತ ಹಕ್ಕಿಗೂ ಬೆಲೆ ಕಟ್ಟುವವರಿದ್ದಾರೆ. ನಮ್ಮ ಬಯಲುಸೀಮೆಯಲ್ಲಿ ಮಣ್ಣುಮುಕ್ಕ ಹಾವನ್ನು ಎರಡು ತಲೆಯ ಹಾವೆಂದು ಲಕ್ಷಗಟ್ಟಲೆಗೆ ಮಾರಲು ಹೊರಟು ಸಿಕ್ಕಿಬೀಳುವವರ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಗೂಬೆಯ ವ್ಯಾಪಾರವೂ ಅದೇ ಜಾತಿಗೆ ಸೇರಿದ್ದು. 2010ರಲ್ಲಿ ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ ಪ್ರಕಟಿಸಿದ ವರದಿಯ ಪ್ರಕಾರ, ಭಾರತದಲ್ಲಿ ಕಾಣಸಿಗುವ 30 ಬಗೆಯ ಗೂಬೆಗಳಲ್ಲಿ 15 ಬಗೆಯವು ಜೀವಂತ ಹಕ್ಕಿಗಳ ವ್ಯಾಪಾರದಲ್ಲಿ ಕಂಡುಬಂದಿದ್ದವು. ದೀಪಾವಳಿಯ ಆಸುಪಾಸಿನಲ್ಲಿ ಈ ವ್ಯಾಪಾರ ಏರುತ್ತದೆ. ತಲೆಯ ಮೇಲೆ ಕೊಂಬಿರುವ ದೊಡ್ಡ ಗೂಬೆಗಳಿಗೆ ಬೇಡಿಕೆ ಹೆಚ್ಚು. ವರ್ಷವರ್ಷವೂ ಒಂದೇ ಬಂಡೆಯಂಚಿಗೆ ಬರುವ, ನೆಲದ ಮೇಲೆ ಮರಿ ಮಾಡುವ ಹಕ್ಕಿಯ ವಿಳಾಸ ಇಂತಹವರಿಗೆ ಒಮ್ಮೆ ಸಿಕ್ಕಿದರೆ ಸಾಕು.

ಆದ್ದರಿಂದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿರುವ ಆ ದಿನದ ಚಿತ್ರಗಳನ್ನು ಅಳಿಸಿಹಾಕಿ ಎಂದು ನಿಮ್ಮ ಸ್ನೇಹಿತರನ್ನು ಕೇಳಿಕೊಳ್ಳಿ. ಎದುರು ಬಂಡೆಯ ಮೇಲಿನ ಬಿರುಕು, ಹಿಂದಿನ ಗುಡ್ಡದ ಆಕಾರ ಕಂಡರೆ ಊರಿನವರಿಗೆ ಜಾಗ ಗೊತ್ತಾಗುತ್ತದೆ. ಮೊಬೈಲಿನ ಮೂಲ ಚಿತ್ರದಲ್ಲಿ ಜಿಪಿಎಸ್ ಮಾಹಿತಿಯೂ ಕೂತಿರಬಹುದು. ದಾಖಲೆಗಾಗಿ, ಹಕ್ಕಿ ನೋಡುವವರು ತಾವು ಕಂಡದ್ದನ್ನು ಬರೆದಿಡುವ ಜಾಲತಾಣವಾದ ಇ-ಬರ್ಡ್‌ನಲ್ಲಿ ನಮೂದಿಸುವುದಾದರೆ ತಾಲ್ಲೂಕು ಮಟ್ಟದ ಜಾಗವನ್ನಷ್ಟೇ ಕೊಡಿ, ಗೂಡಿನ ಗುಮಾನಿಯ ವಿವರ ಬರೆಯಬೇಡಿ. ಚಿತ್ರ ತೆಗೆಯುವವರಲ್ಲಿ ಕೆಲವರು ಗೂಬೆಯ ಕೂಗನ್ನು ಮೊಬೈಲಿನಿಂದ ನುಡಿಸಿ ಅದನ್ನು ಹೊರಗೆ ಕರೆಯುತ್ತಾರೆ. ತನ್ನ ಸೀಮೆಗೆ ಬೇರೆ ಗೂಬೆ ನುಗ್ಗಿತೆಂದು ತಿಳಿದು ಅದು ಮೊಟ್ಟೆ ಬಿಟ್ಟು ಜಗಳಕ್ಕೆ ಬರುತ್ತದೆ. ಈ ಚಾಳಿಯನ್ನು ಕಲಿಯದಿರುವುದೇ ವಾಸಿ.

ಮಕ್ಕಳಿಗೆ ಗೂಬೆ ತೋರಿಸಬೇಕೆಂಬ ನಿಮ್ಮ ಆಸೆಗೆ ಬೆಟ್ಟ ಹತ್ತುವ ಅಗತ್ಯವೇ ಇಲ್ಲ. ಊರೊಳಗಿನ ಹುಣಸೆ, ಆಲ, ಅರಳಿಮರಗಳ ಪೊಟರೆಗಳಲ್ಲಿ ಹಾಲಕ್ಕಿಗಳಿರುತ್ತವೆ. ಹಿಡಿಗಾತ್ರದ, ಬಿಳಿ ಚುಕ್ಕೆಯ ಈ ಸಣ್ಣ ಗೂಬೆಗಳು ಸಂಜೆ ಬೆಳಕಿರುವಾಗಲೇ ಹೊರಬಂದು ತಲೆಯಾಡಿಸುತ್ತ ಕೂರುತ್ತವೆ, ಜನರ ಓಡಾಟಕ್ಕೆ ಒಗ್ಗಿರುತ್ತವೆ. ಹಳೆಯ ಕಟ್ಟಡಗಳಲ್ಲಿ ಕಣಜ ಗೂಬೆ ಸಿಗುತ್ತದೆ. ಅದರ ಉಂಡೆಗಳನ್ನು ಸ್ಥಳದಲ್ಲೇ ಬಿಡಿಸಿ, ಇಂದು ಯಾವ ಇಲಿ, ಎಷ್ಟು ಇಲಿ ಎಂದು ಎಣಿಸಿದರೆ ಒಂದು ಇಡೀ ಪಾಠವಾಗುತ್ತದೆ. ಕೊಂಬಿನ ಗೂಬೆಯನ್ನೇ ಪರಿಚಯಿಸಬೇಕೆಂದಿದ್ದರೆ ಕಿವಿಯಿಂದ ಪರಿಚಯಿಸಿ. ಬೆಟ್ಟದ ಬುಡದ ಹೊಲದ ಬದುವಿನಲ್ಲಿ, ಅರ್ಧ ಕಿಲೋಮೀಟರ್ ದೂರದಲ್ಲಿ, ಸೂರ್ಯ ಮುಳುಗಿದ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದರೆ ಸಾಕು. ಎರಡು ಸ್ವರದ, ಎರಡನೆಯದು ಎಳೆದಂತಿರುವ, ಗುಡಾಣದೊಳಗಿಂದ ಬಂದಂತಹ ‘ಬು-ಬೂ’ ಎಂಬ ಗಂಭೀರ ಕೂಗು ಅಷ್ಟು ದೂರಕ್ಕೂ ತಲುಪುತ್ತದೆ. ಒಂದು ಕೂಗಿಗೆ ಮತ್ತೊಂದು ಕಡೆಯಿಂದ ಉತ್ತರ ಬಂದರೆ ಜೋಡಿಯಿದೆಯೆಂದು ಅರ್ಥ. ಎಷ್ಟು ಗಂಟೆಗೆ ಮೊದಲ ಕೂಗು, ಎಷ್ಟು ಸಲ, ಯಾವ ದಿಕ್ಕಿನಿಂದ ಎಂದು ಮಕ್ಕಳು ಬರೆದಿಟ್ಟುಕೊಂಡರೆ ನೋಡಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ದೂರದಲ್ಲೇ ಇರಿ ಎನ್ನುವುದಕ್ಕೆ ಹಕ್ಕಿಯ ಹಿತವೊಂದೇ ಕಾರಣವಲ್ಲ. ಇದೇ ಕಲ್ಲುಸಂದುಗಳು ನಮ್ಮ ಜಿಲ್ಲೆಯಲ್ಲಿ ಕರಡಿಗೂ ಚಿರತೆಗೂ ಮನೆ. ಬೆಳಗಿನ ಹೊತ್ತು ಮೇದು ಬಂದು ಗವಿಯಲ್ಲಿ ಮಲಗುವ ಕರಡಿಗೆ ಬಾಗಿಲಿನಲ್ಲಿ ಆರು ಜನ ಇಣುಕುವುದು ಹಿಡಿಸುವುದಿಲ್ಲ. ಬಂಡೆಯ ಕಡಿದಾದ ಮುಖಕ್ಕೆ ಹೆಜ್ಜೇನು ಕಟ್ಟಿರುವುದೂ ಸಾಮಾನ್ಯ. ಗೂಬೆಯ ಗೂಡು ಹುಡುಕುವ ನೆಪದಲ್ಲಿ ಮಕ್ಕಳನ್ನು ಇಂತಹ ಕೊರಕಲಿಗೆ ಇಳಿಸುವುದನ್ನು ನಾನು ಯಾವ ಕಾಲಕ್ಕೂ ಒಪ್ಪಲಾರೆ.

ನೀವು ಏನಾದರೂ ಮಾಡಲೇಬೇಕೆಂದಿದ್ದರೆ ಮಾಡಬಹುದಾದ ಕೆಲಸ ಬೆಟ್ಟದ ಕೆಳಗಡೆ ಇದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಬೆಂಕಿ, ಬೀಡಿಯ ಕಿಡಿಯಿಂದ ಎದ್ದ ಬೆಂಕಿ ಒಣಹುಲ್ಲಿನ ಮೂಲಕ ಗಂಟೆಯೊಳಗೆ ನೆತ್ತಿಗೇರುತ್ತದೆ, ಅದೂ ಹಾರಲಾರದ ಮರಿಗಳು ನೆಲದ ಮೇಲಿರುವ ತಿಂಗಳುಗಳಲ್ಲೇ. ಕುರಿ ಮೇಯಿಸುವವರೊಂದಿಗೆ ಈಗಲೇ ಮಾತನಾಡಿ, ಬೆಂಕಿ ಹರಡದಂತೆ ಬುಡದಲ್ಲಿ ಒಣಹುಲ್ಲು ಸವರಿ ಬೆಂಕಿರೇಖೆ ತೆಗೆಸುವಂತೆ ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಗೆ ಶಾಲೆಯ ಪರವಾಗಿ ಪತ್ರ ಬರೆಯಿರಿ. ಪತ್ರದಲ್ಲಿ ಗೂಬೆಯ ಹೆಸರೆತ್ತುವ ಅಗತ್ಯವಿಲ್ಲ. ಹಳದಿ ಕೊರಳಿನ ಪಿಕಳಾರವೂ ಅದೇ ಇಳಿಜಾರಿನಲ್ಲಿರುವುದರಿಂದ ಅದರ ಹೆಸರೇ ಸಾಕು. ಆ ಪಿಕಳಾರಕ್ಕಾಗಿ ಮತ್ತೆ ಹೋಗುವುದಾದರೆ ಮಳೆಗಾಲ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹೋಗಿ. ಗೂಬೆಯ ಮರಿಗಳು ಅಷ್ಟರಲ್ಲಿ ಸ್ವತಂತ್ರವಾಗಿರುತ್ತವೆ, ಮುಂದಿನ ಮೊಟ್ಟೆಗೆ ಇನ್ನೂ ಸಮಯವಿರುತ್ತದೆ. ಆಗಲೂ ಆ ಕೊರಕಲನ್ನು ಬಿಟ್ಟು, ಬೆಟ್ಟದ ಇನ್ನೊಂದು ಮಗ್ಗುಲಿನಿಂದ ಹತ್ತಿ.